ಹನ್ನೆರಡು ಗಂಟು, ಹದಿಮೂರು ತಿಂಗಳು

ರಾಮದುರ್ಗ
೨೬ ಮಾರ್ಚ್ ೨೦೨೩, ರವಿವಾರ

ಶೀತಲ,

ನೇಸರಗಿಯಲ್ಲಿ ನೀನು ಬಸ್ಸು ಹತ್ತಿಸಿದ ಮೇಲೆ ನಾನು ಮಧ್ಯಾಹ್ನ ಮೂರಕ್ಕೆ ಮೀನಾಳ ಮನೆ ಮುಟ್ಟಿದೆ. ಮಗಳಿಗೆ ಏಳನೆಯ ತಿಂಗಳು ಹಿಡಿದಿದೆ. ಇದು ಎರಡನೆಯ ಹೆರಿಗೆಯಾದರೂ ಮೊದಲನೆಯದಕ್ಕಿಂತ ಹೆಚ್ಚು ಹೆದರಿದ್ದಾಳೆ. ಬೀಗತಿಗೆ ಮೊಣಕಾಲು ನೋವು. ಬಾಣಂತನ ಮುಗಿದು ಮೀನಾ ಮತ್ತೆ ಕೆಲಸಕ್ಕೆ ಹೋಗುವಂತಾದ ಮೇಲೂ ಕೂಸಿನ ಕಾವಲಿಗೆ ನಾನೇ ಬೇಕು. ಹಾಗಾಗಿ ಬರುವ ಯುಗಾದಿಯವರೆಗೆ ನನ್ನ ದಾರಿ ಕಾಯಬೇಡ.

ಮನೆಮನೆಯಲ್ಲೂ ಫೋನಿರುವಾಗ ಕಾಗದ ಯಾಕೆ ಎಂದು ನೀನು ನಗಬಹುದು. ನನ್ನ ಫೋನಿನ ರೀಚಾರ್ಜನ್ನು ಈ ವರ್ಷದ ಖರ್ಚಿನಿಂದ ನಾನೇ ತೆಗೆದುಹಾಕಿದ್ದೇನೆ. ಅಳಿಯ ಗೌರೀಶನ ಫೋನಿನಲ್ಲಿ ನಮ್ಮ ಮನೆಯ ಬೇಳೆ ಬೆಲ್ಲದ ಮಾತಾಡಿದರೆ ಪಡಸಾಲೆಯಲ್ಲಿ ಕೂತ ಬೀಗತಿಗೆ ಪುಕ್ಕಟೆ ನಾಟಕ. ಇನ್‌ಲ್ಯಾಂಡ್ ಕಾಗದ ಎರಡೂವರೆ ರೂಪಾಯಿಗೆ ಸಿಗುತ್ತದೆ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಕೈಗೂ ಸ್ವಲ್ಪ ಕೆಲಸವಾಗಲಿ.

ಕರಾರು ಮತ್ತೊಮ್ಮೆ ಹೇಳುತ್ತೇನೆ, ಬಾಯಿಮಾತು ಮರೆತುಹೋಗುತ್ತದೆ. ನಮ್ಮ ಹೊಲವನ್ನು ಗುತ್ತಿಗೆಗೆ ಉಳುವ ಪರಪ್ಪ ವರ್ಷದ ಲಾವಣಿ ಎಂದು ಯುಗಾದಿಗೆ ಕೊಟ್ಟ ಅರವತ್ತು ಸಾವಿರವನ್ನು ಹನ್ನೆರಡು ಗಂಟು ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಒಂದೊಂದರಲ್ಲಿ ಐದು ಸಾವಿರ, ಮೇಲೆ ತಿಂಗಳ ಹೆಸರಿನ ಚೀಟಿ. ಅಮಾಸೆ ಮುಗಿದ ಮರುದಿನ ಒಂದು ಗಂಟು ಬಿಚ್ಚುವುದು. ಅದು ತೀರಿದರೆ ಮುಂದಿನದನ್ನು ಮುಟ್ಟುವಂತಿಲ್ಲ, ಯಾರ ಹತ್ತಿರವೂ ಕೈಗಡ ಕೇಳುವಂತಿಲ್ಲ. ವರ್ಷದ ಜೋಳ ಪೀಪಾಯಿಯಲ್ಲಿದೆ. ಮಗ ಕಲ್ಮೇಶನಿಗೆ ಬೈಲಹೊಂಗಲದ ಅಂಗಡಿಯಲ್ಲಿ ಬರುವ ಗುಮಾಸ್ತಿಕೆಯ ಸಂಬಳದಲ್ಲಿ ಒಂದು ಪೈಸೆಯನ್ನೂ ಯುಗಾದಿಯವರೆಗೆ ಮುಟ್ಟದಿದ್ದರೆ, ಆ ದುಡ್ಡೆಲ್ಲ ನಿನ್ನ ಶಾವಿಗೆ ಯಂತ್ರಕ್ಕೆ. ಮುಟ್ಟಿದರೆ ಮಾಳಿಗೆ ರಿಪೇರಿಗೆ. ಈ ಮಾಳಿಗೆಯ ಕೆಳಗೆ ನಾನು ಮೂವತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಒಕ್ಕಲುತನದ ಮನೆಗೆ ದುಡ್ಡು ವರ್ಷಕ್ಕೆ ಒಂದೇ ಸಲ ಬರುತ್ತದೆ, ಹನ್ನೆರಡು ಗಂಟು ನನಗೆ ಯಾವ ವರ್ಷವೂ ಕಡಿಮೆ ಬಿದ್ದಿಲ್ಲ.

ನಿನ್ನ ಅತ್ತೆ
ಗುರುಬಸವ್ವ

•

ನೇಸರಗಿ
೨೩ ಏಪ್ರಿಲ್ ೨೦೨೩

ಅತ್ತೆಯವರಿಗೆ ಶರಣು.

ಚೈತ್ರದ ಗಂಟು ಮುಗಿದು ನಲವತ್ತು ರೂಪಾಯಿ ಉಳಿಯಿತು. ಅದನ್ನು ವೈಶಾಖಕ್ಕೆ ಸೇರಿಸಿದ್ದೇನೆ. ಸೇರಿಸಬಹುದೋ ಇಲ್ಲವೋ ಕರಾರಿನಲ್ಲಿ ನೀವು ಬರೆದಿಲ್ಲ.

ವರ್ಷದ ಖಾರ ಕುಟ್ಟಿಸಿದೆ. ಬ್ಯಾಡಗಿ ಮೆಣಸಿನಕಾಯಿಯ ಧಾರಣೆ ಕೇಳಿ ಅಲ್ಲೇ ಕೂತುಬಿಟ್ಟೆ. ಅರ್ಧ ಬ್ಯಾಡಗಿ, ಅರ್ಧ ಗುಂಟೂರು ಹಾಕಿಸಿದೆ. ಬಣ್ಣ ಸ್ವಲ್ಪ ಕಡಿಮೆ, ಖಾರ ಮಾತ್ರ ಕಣ್ಣಲ್ಲಿ ನೀರು ಬರಿಸುತ್ತದೆ. ಮಗ್ಗುಲ ಮನೆಯ ಸೈದಾಬಿ ಚಾಚಿ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು, "ಇದು ಎರಡು ವರ್ಷಕ್ಕ ಸಾಕಾಗತೈತಿ ಬಿಡವಾ, ಯಾರೂ ಎರಡನೇ ಸಲ ಹಾಕ್ಕೊಳ್ಳಂಗಿಲ್ಲ" ಎಂದರು. ಅವರ ಹಿತ್ತಲ ಕರಿಬೇವಿಗೆ ನಮ್ಮ ಮಜ್ಜಿಗೆ, ಹೀಗೆ ನಮ್ಮಿಬ್ಬರ ಕೊಡುಕೊಳ್ಳುವಿಕೆ ಸರಾಗವಾಗಿ ನಡೆದಿದೆ.

ಸಂತೆಗೆ ಈಗ ಸಂಜೆ ಹೋಗುತ್ತೇನೆ. ಬಸ್ಸಿನ ಹೊತ್ತಾಯಿತೆಂದು ಹಳ್ಳಿಯವರು ಬುಟ್ಟಿ ಖಾಲಿ ಮಾಡುವ ಸಮಯ ಅದು, ಬದನೆಕಾಯಿ ಅರ್ಧ ಬೆಲೆಗೆ ಸಿಗುತ್ತದೆ. ನಿಮ್ಮ ಮಗ ಮೊದಲೆರಡು ವಾರ ಸುಮ್ಮನಿದ್ದರು. ಮೂರನೆಯ ವಾರ ಚಹಾದ ಕಪ್ಪನ್ನು ಬೆಳಕಿಗೆ ಹಿಡಿದು, "ಇದರಾಗ ಹಾಲ ಹುಡುಕಾಕ ಬ್ಯಾಟರಿ ಬೇಕಲೇ" ಎಂದರು. ಯಂತ್ರ ಬಂದ ಮೇಲೆ ಕೆನೆ ಹಾಕಿ ಕೊಡುತ್ತೇನೆ ಎಂದೆ. ಕುಡಿದು ಹೋದರು.

ಅವರಿಗೆ ಎರಡು ಅಂಗಿ ಬೇಕಾಗಿವೆ. ಸವದತ್ತಿಯಲ್ಲಿ ಅಗ್ಗ ಎಂದರು. ಸವದತ್ತಿಯ ಬಟ್ಟೆ ಅಂಗಡಿ ಎಂದರೆ ನನ್ನಪ್ಪ ನಿಜಗುಣಪ್ಪನವರ ಅಂಗಡಿಯ ಮುಂದೆಯೇ ಹಾದು ಹೋಗಬೇಕು. ಅವರ ಮಾತು ಮೀರಿ ನಾನು ಮದುವೆಯಾಗಿ ಎರಡು ವರ್ಷವಾಯಿತು, ಎದುರು ಬಂದರೂ ಮುಖ ತಿರುಗಿಸುತ್ತಾರೆ. ಇಪ್ಪತ್ತು ರೂಪಾಯಿ ಹೆಚ್ಚಾದರೂ ಬೈಲಹೊಂಗಲದಲ್ಲೇ ಕೊಳ್ಳುತ್ತೇವೆ. ಇದೊಂದು ದುಂದು ಮನ್ನಿಸಿ.

ನಿಮ್ಮ ಸೊಸೆ
ಶೀತಲ

•

ರಾಮದುರ್ಗ
೧೫ ಜೂನ್ ೨೦೨೩

ಶೀತಲ,

ಮೀನಾಳಿಗೆ ಹೆಣ್ಣು ಕೂಸು. ಶನಿವಾರ ಬೆಳಗಿನ ಜಾವ ಹುಟ್ಟಿತು, ತಾಯಿ ಮಗು ಇಬ್ಬರೂ ಗಟ್ಟಿ. ಎರಡನೆಯದೂ ಹೆಣ್ಣೇ ಎಂದು ಬೀಗತಿ ಮುಖ ಸಣ್ಣ ಮಾಡಿದ್ದಳು. ಮೂರನೆಯ ದಿನ ಕೂಸು ಅವಳ ಬೆರಳು ಹಿಡಿದುಕೊಂಡು ಬಿಡಲಿಲ್ಲ. ಅವತ್ತಿನಿಂದ ನನ್ನ ಕೈಗೇ ಕೊಡುತ್ತಿಲ್ಲ.

ಇಲ್ಲಿಯ ಸಂಸಾರ ನೋಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಅಳಿಯ ಫೋನು ತೋರಿಸಿ ಕೊತ್ತಂಬರಿ ತರುತ್ತಾನೆ. ಕೈಯಿಂದ ನೋಟು ಹೋಗುವುದು ಕಣ್ಣಿಗೆ ಕಾಣದಿದ್ದರೆ ಮನುಷ್ಯನಿಗೆ ನೋವಾಗುವುದು ಹೇಗೆ? ಹಾಲು ದಿನಕ್ಕೆ ಎರಡು ಲೀಟರ್. ಬೇಡ ಎನ್ನಲು ನಾನು ಯಾರು, ಮಗಳ ಮನೆಯಲ್ಲಿ ಕೂತು ಉಣ್ಣುವವಳು. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ, ನಿನಗೆ ಗೊತ್ತಲ್ಲ ಅದೆಷ್ಟು ಕಷ್ಟದ ಕೆಲಸ ಎಂದು.

ಚೈತ್ರದ ನಲವತ್ತು ರೂಪಾಯಿಯನ್ನು ವೈಶಾಖಕ್ಕೆ ಸೇರಿಸಬಹುದು. ಖಾರದ ವಿಷಯ ಕೇಳಿ ನಕ್ಕೆ. ನಾನು ಮೊದಲ ವರ್ಷ ಉಪ್ಪನ್ನೇ ಹಾಕದೆ ಕುಟ್ಟಿಸಿ, ದೀಪಾವಳಿಯೊಳಗೆ ಹುಳ ಬಿದ್ದು ಅತ್ತಿದ್ದೆ. ನೀನು ನನಗಿಂತ ಜಾಣೆ. ಇದನ್ನು ಕಲ್ಮೇಶನಿಗೆ ಓದಿ ಹೇಳುವುದು ಬೇಡ.

ನಿನ್ನ ಅತ್ತೆ
ಗುರುಬಸವ್ವ

•

ನೇಸರಗಿ
೨೪ ಜುಲೈ ೨೦೨೩, ಸೋಮವಾರ

ಅತ್ತೆಯವರಿಗೆ,

ಈ ಕಾಗದ ಬರೆಯುವಾಗ ನನಗೆ ಸಿಟ್ಟೂ ಬಂದಿದೆ, ಅಳುವೂ ಬಂದಿದೆ. ಮೊದಲೇ ಹೇಳಿಬಿಡುತ್ತೇನೆ.

ಅಮಾಸೆ ಮುಗಿದ ಮರುದಿನ ಎಂದಿನಂತೆ ಗಂಟು ಬಿಚ್ಚಿದೆ. ಚೀಟಿಯ ಮೇಲೆ ಶ್ರಾವಣ ಎಂದಿತ್ತು. ಇವತ್ತು ಜೋಳಿಗೆ ಹಿಡಿದು ಬಂದ ಬಸಯ್ಯನವರಿಗೆ ಹಿಟ್ಟು ನೀಡುತ್ತ, "ಅಯ್ಯನೋರ, ಇದು ಶ್ರಾವಣದ ಮೊದಲನೇ ಸೋಮವಾರ, ಕುಂತು ಪ್ರಸಾದ ಮಾಡಿ ಹೋಗ್ರಿ" ಎಂದೆ. ಅವರು ನಕ್ಕುಬಿಟ್ಟರು. "ಯವ್ವಾ, ಇದು ಅಧಿಕ ಶ್ರಾವಣ ಐತಿ. ನಿಜ ಶ್ರಾವಣ ಇನ್ನೂ ಮುಂದಿನ ತಿಂಗಳ. ಈ ವರ್ಷಕ್ಕ ಹದಿಮೂರು ತಿಂಗಳ" ಎಂದರು.

ಗೋಡೆಯ ಕ್ಯಾಲೆಂಡರ್ ನೋಡಿದೆ. ಹೌದು, ಕೆಂಪು ಅಕ್ಷರದಲ್ಲೇ ಬರೆದಿದೆ. ನಾನು ಅದರಲ್ಲಿ ಹಾಲಿನ ಲೆಕ್ಕ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ, ಅದು ನನ್ನ ತಪ್ಪು. ಆದರೆ ಗಂಟು ಕಟ್ಟಿದವರು ನೀವು. ಮುಂದಿನ ಲಾವಣಿ ಬರುವುದು ಯುಗಾದಿಗೆ, ಆ ಯುಗಾದಿ ಏಪ್ರಿಲ್ ಒಂಬತ್ತಕ್ಕೆ. ಪರಪ್ಪನಿಗೆ ಹದಿಮೂರು ತಿಂಗಳು ಉಳುವ ಭಾಗ್ಯ, ನಮಗೆ ಹನ್ನೆರಡು ತಿಂಗಳ ಅನ್ನ.

ಮೂವತ್ತೆರಡು ವರ್ಷದಲ್ಲಿ ಹತ್ತು ಹನ್ನೊಂದು ಅಧಿಕಮಾಸವಾದರೂ ಬಂದಿರಬೇಕು. ಒಂದು ವರ್ಷವೂ ಕಡಿಮೆ ಬಿದ್ದಿಲ್ಲ ಎಂದು ಬರೆದಿದ್ದಿರಿ. ಆ ಹದಿಮೂರನೆಯ ತಿಂಗಳನ್ನು ನೀವು ಹೇಗೆ ದಾಟಿಸಿದಿರಿ? ಗೊತ್ತಿದ್ದೂ ನನ್ನನ್ನು ಪರೀಕ್ಷೆ ಮಾಡಿ ನೋಡಲೆಂದೇ ಹನ್ನೆರಡು ಕಟ್ಟಿದಿರಾ? ಹಾಗಿದ್ದರೆ ಹೇಳಿಬಿಡಿ. ನನಗೆ ಯಂತ್ರ ಬೇಕು ಅತ್ತೆ. ನನ್ನ ಕೈಯಿಂದ ದುಡಿದ ನಾಲ್ಕು ದುಡ್ಡು ನನಗೆ ಬೇಕು. ನಾಲ್ಕು ತಿಂಗಳಿಂದ ಅದೊಂದನ್ನೇ ನೆನೆದು ನೀರುಸಾರಿನಲ್ಲಿ ಬೇಳೆ ಎಣಿಸುತ್ತಿದ್ದೇನೆ.

ಶೀತಲ

•

ರಾಮದುರ್ಗ
೩೦ ಜುಲೈ ೨೦೨೩

ಶೀತಲ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಿನ್ನನ್ನು ನೋಡಲೆಂದು ಮಾಡಿದ್ದಲ್ಲ, ನನ್ನ ತಲೆಗೆ ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಎಂದು ಎರಡು ದಿನ ಯೋಚಿಸಿದ ಮೇಲೆ ಉತ್ತರ ಸಿಕ್ಕಿತು. ಸಿಕ್ಕ ಉತ್ತರ ನನಗೇ ನಾಚಿಕೆ ತಂದಿತು.

ಅಧಿಕಮಾಸ ಬಂದರೆ ಸಂಗೊಳ್ಳಿಯಿಂದ ನನ್ನ ತಮ್ಮ ಬಸವಲಿಂಗ ಬರುತ್ತಿದ್ದ. ಮಗಳನ್ನೂ ಅಳಿಯನನ್ನೂ ಆ ತಿಂಗಳು ಕರೆದು ಉಣಿಸಬೇಕಲ್ಲ, ಅದಕ್ಕೆ. ಹೋದವಳು ತಿಂಗಳಿಡೀ ಅಲ್ಲೇ ಇರುತ್ತಿದ್ದೆ, ಮಕ್ಕಳೂ ಅಲ್ಲೇ. ನಿನ್ನ ಮಾವ ಹಗಲು ನಮ್ಮ ಹೊಲ ನೋಡಿ ಸಂಜೆ ಸಂಗೊಳ್ಳಿಗೆ ಬಂದು ಉಂಡು ಮಲಗುತ್ತಿದ್ದರು. ನೇಸರಗಿಯ ಮನೆಯಲ್ಲಿ ಒಲೆಯೇ ಉರಿಯುತ್ತಿರಲಿಲ್ಲ. ಕಳೆದ ಸಲ ಅಧಿಕಮಾಸ ಬಂದಾಗ ಕೊರೋನಾ ಬ್ಯಾನಿಯ ಕಾಲ, ಎಲ್ಲಿಗೂ ಹೋಗಲಿಲ್ಲ. ಆ ವರ್ಷ ಮದುವೆ ಮುಂಜಿ ಒಂದೂ ಇಲ್ಲದೆ ಖರ್ಚೇ ಆಗಲಿಲ್ಲ, ಅದೂ ಗೊತ್ತಾಗದೆ ದಾಟಿಹೋಯಿತು. ಹದಿಮೂರನೆಯ ತಿಂಗಳ ಅನ್ನ ನನ್ನ ತವರಿನದು. ಅದನ್ನು ನನ್ನ ಜಾಣತನ ಎಂದುಕೊಂಡು ಮೂವತ್ತೆರಡು ವರ್ಷ ಮೆರೆದೆ, ನಿನ್ನ ಮುಂದೆಯೂ ಮೆರೆದೆ.

ನಿನಗೆ ಕರೆಯಲು ಬರುವವರಿಲ್ಲ ಎಂಬುದು ನೆನಪಾಗದೆ ಗಂಟು ಕಟ್ಟಿದೆ. ತಪ್ಪು ನನ್ನದು. ಬಸವಲಿಂಗನಿಗೆ ಬರೆದಿದ್ದೇನೆ. ನೀನು, ಕಲ್ಮೇಶ ಇಬ್ಬರೂ ಅಮಾಸೆಯವರೆಗೆ ಸಂಗೊಳ್ಳಿಗೆ ಹೋಗಿ ಇರಿ. ಅವನು ಸಂತೋಷಪಡುತ್ತಾನೆ. ನನ್ನ ತವರು ನಿನ್ನದೇ ಎಂದು ತಿಳಿ.

ಕೂಸು ನಗಲು ಕಲಿತಿದೆ. ಇಲ್ಲಿ ಎಲ್ಲರೂ ಆರಾಮ. ಬೇರೇನೂ ವಿಶೇಷವಿಲ್ಲ.

ನಿನ್ನ ಅತ್ತೆ
ಗುರುಬಸವ್ವ

•

ನೇಸರಗಿ
೧೨ ಆಗಸ್ಟ್ ೨೦೨೩, ಶನಿವಾರ

ಅತ್ತೆಯವರಿಗೆ ಶರಣು.

ಹೋದ ಕಾಗದದಲ್ಲಿ ಒರಟಾಗಿ ಬರೆದೆ. ಕ್ಷಮಿಸಿ ಎಂದು ಕೇಳುವ ಮೊದಲೇ ನೀವು ನಿಮ್ಮ ತಪ್ಪು ಒಪ್ಪಿಕೊಂಡು ನನ್ನ ಬಾಯಿ ಕಟ್ಟಿಬಿಟ್ಟಿರಿ.

ಸಂಗೊಳ್ಳಿ ಮಾವ ಬಂದಿದ್ದರು. ಅಕ್ಕರೆಯಿಂದಲೇ ಕರೆದರು. ನಾನು ಹೋಗಲಿಲ್ಲ. ಕೈಗಡ ಕೂಡದು ಎಂದ ಮೇಲೆ ಇನ್ನೊಬ್ಬರ ಮನೆಯಲ್ಲಿ ಹದಿನೈದು ದಿನ ಉಂಡು ಲೆಕ್ಕ ಸರಿ ಮಾಡುವುದು ನನಗೆ ಸರಿ ಕಾಣಲಿಲ್ಲ. ಉಳಿದ ಎಂಟು ಗಂಟುಗಳಿಂದ ಐನೂರೈವತ್ತರಂತೆ ತೆಗೆದು ಒಂಬತ್ತನೆಯ ಗಂಟು ಕಟ್ಟಿದೆ. ಬಿಚ್ಚಿದ ಗಂಟಿನಿಂದಲೂ ಖರ್ಚಾಗುವ ಮೊದಲೇ ಎತ್ತಿಟ್ಟೆ. ಚಹಾ ಒಂದೇ ಹೊತ್ತು, ಸಂತೆ ಎರಡು ವಾರಕ್ಕೊಮ್ಮೆ. ನಿಮ್ಮ ಮಗ ಬಸ್ಸು ಬಿಟ್ಟು ಗೆಳೆಯ ಸಂಜುವಿನ ಗಾಡಿಯಲ್ಲಿ ಬೈಲಹೊಂಗಲಕ್ಕೆ ಹೋಗಿಬರುತ್ತಾರೆ, ಬದಲಿಗೆ ಅವನ ಅಂಗಡಿಯ ಲೆಕ್ಕದ ಚಿಟ್ಟಾ ಬರೆದುಕೊಡುತ್ತಾರೆ. ನಿಮ್ಮ ಸಹಾಯವಿಲ್ಲದೆ ಸರಿ ಮಾಡಿದೆನೆಂದು ಒಂದು ವಾರ ನಾನೂ ಮೆರೆದೆ.

ನಿನ್ನೆ ಸೈದಾಬಿ ಚಾಚಿ ಕರಿಬೇವು ಕೊಡಲು ಬಂದವರು ಕಟ್ಟೆಯ ಮೇಲೆ ಕೂತರು. "ಯವ್ವಾ, ನಿಮ್ಮ ಮನಿ ಮಗಳು ಯಾವಾಗ ಬರತಾಳ? ಹಬ್ಬದ ಅಡಗಿ ವಾಸನಿ ಬರವಲ್ದು ನನಗ" ಎಂದರು.

"ಯಾಕ ಚಾಚಿ, ಮೀನಾವೈನಿ ಬಾಣಂತಿ ಅದಾರ. ಈಗ ಯಾಕ ಬರತಾರ?"

"ಅಧಿಕಮಾಸ ಅಲ್ಲೇನ? ಲಗ್ನ ಆದಮ್ಯಾಲೆ ಬಂದಿದ್ದೊಂದು ಬ್ಯಾನಿ ಕಾಲದಾಗ ಹೋತು. ಅಳಿಯಾನ್ನ ಕರಿಯೂದು ಇದ ಮೊದಲನೇದು. ಗುರುಬಸವ್ವಕ್ಕ ಹೇಳಲಿಲ್ಲೇನ ನಿನಗ?"

ಇಲ್ಲ ಅತ್ತೆ, ನೀವು ಹೇಳಲಿಲ್ಲ. ಬೇರೇನೂ ವಿಶೇಷವಿಲ್ಲ ಎಂದು ಬರೆದಿರಿ. ನನಗೆ ತವರಿಲ್ಲ ಎಂದು ನಾನು ಅಳುತ್ತಾ ಕೂತಿದ್ದೆ. ಮೀನಾವೈನಿಗೆ ನಾನೇ ತವರು ಎಂಬುದು ಒಂದು ಗಳಿಗೆಯೂ ಹೊಳೆಯಲಿಲ್ಲ. ನೀವು ಅಲ್ಲಿ ಬೀಗರ ಮನೆಯಲ್ಲಿ ಕೂತು, ಕರೆಯಲು ಯಾರೂ ಬಾರದ ಈ ತಿಂಗಳನ್ನು ಹೇಗೆ ಕಳೆದಿರಿ? ನನ್ನ ಯಂತ್ರಕ್ಕಾಗಿ ಸುಮ್ಮನಿದ್ದಿರಿ ಎಂದು ಗೊತ್ತಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಮಾಸೆಗೆ ಇನ್ನು ನಾಲ್ಕೇ ದಿನ. ಇವತ್ತು ನಿಮ್ಮ ಮಗನ ಸಂಬಳ ಕಟ್ಟುವ ಅಂಚೆ ಕಚೇರಿಯ ಪುಸ್ತಕ ಟ್ರಂಕಿನಿಂದ ತೆಗೆದು ಏಳು ಸಾವಿರ ಬಿಡಿಸಿದೆವು. ಅಳಿಯನಿಗೆ ಬಟ್ಟೆ, ವೈನಿಗೆ ಒಂದು ಇಳಕಲ್ ಸೀರೆ, ಕೂಸುಗಳಿಗೆ ಅಂಗಿ. ಮಿಕ್ಕದ್ದು ಅಡಿಗೆಗೆ. ಕರಾರು ಮುರಿದಿದ್ದೇನೆ, ತಿಳಿದೇ ಮುರಿದಿದ್ದೇನೆ. ಮಾಳಿಗೆ ರಿಪೇರಿ ಮಾಡಿಸಿರಿ, ನನಗೆ ಬೇಸರವಿಲ್ಲ. ನಾಳೆ ನಿಮ್ಮ ಮಗ ಇದನ್ನೂ, ಇದರ ಜೊತೆಗಿನ ಕಾಗದವನ್ನೂ ತರುತ್ತಾರೆ. ಅದನ್ನು ಬೀಗತಿಯವರ ಎದುರಿಗೇ ಓದಿಸಿ.

ಶೀತಲ

•

(ಜೊತೆಗಿನ ಕಾಗದ)

ನೇಸರಗಿ
೧೨ ಆಗಸ್ಟ್ ೨೦೨೩

ಮೀನಾವೈನಿಗೂ ಗೌರೀಶಣ್ಣನವರಿಗೂ ಶರಣು.

ಅಧಿಕಮಾಸದ ಊಟಕ್ಕೆ ನಿಮ್ಮಿಬ್ಬರನ್ನೂ ಮಕ್ಕಳನ್ನೂ ಕರೆದುಕೊಂಡು ಬರಲು ನಿಮ್ಮ ತಮ್ಮ ಬಂದಿದ್ದಾರೆ. ಮಂಗಳವಾರ ಸ್ವಾತಂತ್ರ್ಯದ ರಜೆಯಿದೆ, ಅವತ್ತೇ ಬನ್ನಿ. ಅತ್ತೆಯವರನ್ನೂ ಕರೆತನ್ನಿ. ಕರೆಯಲು ತಡವಾದದ್ದು ನನ್ನ ಅರಿವುಗೇಡಿತನ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅಧಿಕಮಾಸದ ವಾಡಿಕೆಯಂತೆ ಮೂವತ್ತಮೂರು ಹೋಳಿಗೆ ಅಳಿಯನಿಗೆ ಎಣಿಸಿ ಕೊಡುತ್ತೇನೆ, ವೈನಿಗೆ ಎಣಿಸದೆ ಕೊಡುತ್ತೇನೆ.

ನಿಮ್ಮ ತವರಿನಿಂದ
ಶೀತಲ

•

ರಾಮದುರ್ಗ
೨೦ ಆಗಸ್ಟ್ ೨೦೨೩, ರವಿವಾರ

ಶೀತಲ,

ಊಟ ಮುಗಿಸಿ ಮರಳುವಾಗ ಬಸ್ಸಿನಲ್ಲಿ ಕೂಸು ಅಳದೆ ಬಂತು. ಅಳಿಯ ಹೊಸ ಅಂಗಿಯನ್ನು ಐದು ದಿನವಾದರೂ ಕಳಚಿಲ್ಲ. ಮೀನಾ ನಿನ್ನ ಹೋಳಿಗೆಯನ್ನು ಓಣಿಯ ಎಲ್ಲ ಮನೆಗೂ ಹಂಚಿ, "ತವರಮನಿಯಿಂದ ಬಂದಾವ" ಎಂದು ಹೇಳಿಬಂದಳು. ಹಂಚುವುದಕ್ಕಿಂತ ಹೇಳುವುದಕ್ಕೇ ಹೆಚ್ಚು ಹೊತ್ತು ತೆಗೆದುಕೊಂಡಳು.

ಈಗ ಹೇಳಬಹುದು. ಆ ತಿಂಗಳಿಡೀ ಬೀಗತಿ ನನ್ನ ಕಣ್ಣೆದುರು ಕ್ಯಾಲೆಂಡರಿನ ಹಾಳೆ ತಿರುವುತ್ತಿದ್ದಳು. ಒಮ್ಮೆ ನೆರೆಯವರ ಮುಂದೆ, "ತಾಯೀನ ಇಲ್ಲಿ ಉಣ್ಣಾಕ ಕುಂತಾಳ, ಇನ್ನ ಕರಿಯಾಕ ಯಾರ ಬರಬೇಕ್ರಿ?" ಎಂದಳು. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ. ಮೀನಾಳ ಕಣ್ಣು ತುಂಬಿತ್ತು. ನಿನಗೆ ಬರೆಯೋಣ ಎಂದು ಪೆನ್ನು ಹಿಡಿದು ಎರಡು ಸಲ ಬಿಟ್ಟೆ. ಕಲ್ಮೇಶ ಬಂದು ನಿನ್ನ ಕಾಗದ ಓದಿದಾಗ ಬೀಗತಿ ಎದ್ದು ಒಳಗೆ ಹೋಗಿ ಅವನಿಗೆ ತಾನೇ ಚಹಾ ಮಾಡಿ ತಂದಳು, ಮೊಣಕಾಲು ನೋವಿದ್ದರೂ.

ಇನ್ನು ಕರಾರಿನ ಮಾತು. ನಾನು ಕೊಟ್ಟದ್ದು ಹನ್ನೆರಡು ತಿಂಗಳಿಗೆ ಹನ್ನೆರಡು ಗಂಟು. ನಮ್ಮ ಕರಾರು ಆ ಹನ್ನೆರಡು ತಿಂಗಳಿಗೆ ಮಾತ್ರ. ಅಧಿಕಮಾಸದಲ್ಲಿ ಲಗ್ನ ಮಾಡುವುದಿಲ್ಲ, ಮನೆ ಕಟ್ಟುವುದಿಲ್ಲ, ಯಾವ ವ್ಯವಹಾರವೂ ಕೂಡುವುದಿಲ್ಲ. ಕರಾರು ಮಾತ್ರ ಹೇಗೆ ಕೂಡೀತು? ಆ ತಿಂಗಳಲ್ಲಿ ನೀನು ಸಂಬಳದ ಪುಸ್ತಕ ತೆಗೆದದ್ದು ಕರಾರಿನ ಹೊರಗೆ. ಬಸಯ್ಯನನ್ನು ಬೇಕಾದರೆ ಕೇಳು. ಅವನು ಬೇರೆ ಹೇಳಿದರೆ ಅವನಿಗೆ ಹಿಟ್ಟು ನೀಡಬೇಡ.

ಒಂಬತ್ತು ಮಾಡಿದ ಎಂಟು ಗಂಟು ಹಾಗೇ ಇರಲಿ. ಇನ್ನೊಂದು ಸಲ ಪುಸ್ತಕ ತೆಗೆದರೆ ಮಾತ್ರ ಮಾಳಿಗೆ.

ನಿನ್ನ ಅತ್ತೆ
ಗುರುಬಸವ್ವ

•

ನೇಸರ‌ಗಿ
೧೨ ಮಾರ್ಚ್ ೨೦೨೪, ಮಂಗಳವಾರ

ಅತ್ತೆಯವರಿಗೆ ಶರಣು.

ನಿನ್ನೆ ಫಾಲ್ಗುಣದ ಗಂಟು ಬಿಚ್ಚಿದೆ. ಟ್ರಂಕಿನಲ್ಲಿ ಈಗ ನನ್ನ ಮದುವೆಯ ಸೀರೆ, ಸಂಬಳದ ಪುಸ್ತಕ ಇವೆರಡೇ. ಮಾಘ ತುಸು ಕಷ್ಟವಾಯಿತು. ಸಿಲಿಂಡರ್ ತೀರಿ ಹಿತ್ತಲಲ್ಲಿ ತೊಗರಿಕಟ್ಟಿಗೆಯ ಒಲೆ ಹಚ್ಚಿದೆ, ನಿಮ್ಮ ಮಗನಿಗೆ ಆ ರೊಟ್ಟಿಯೇ ಹೆಚ್ಚು ಹಿಡಿಸಿತು. ಕೈಗಡ ಕೇಳಲಿಲ್ಲ. ಖಾರ ಇನ್ನೂ ಅರ್ಧ ಡಬ್ಬಿ ಇದೆ, ಚಾಚಿ ಹೇಳಿದ್ದು ನಿಜವಾಯಿತು.

ಯಂತ್ರ ನೋಡಿ ಬಂದೆವು. ಬೈಲಹೊಂಗಲದ ಒಬ್ಬರು ಎರಡು ವರ್ಷ ನಡೆಸಿದ್ದು. ಯುಗಾದಿಯ ಮರುದಿನ ಮೋಟರು ಸಮೇತ ತಂದು ಇಳಿಸುತ್ತಾರೆ. ಆಗಲೇ ಓಣಿಯ ಹನ್ನೊಂದು ಮನೆಯವರು ಹೆಸರು ಹೇಳಿ ಹೋಗಿದ್ದಾರೆ. ಮೊದಲ ಸರತಿ ತಮ್ಮದೇ ಎಂದು ಸೈದಾಬಿ ಚಾಚಿ ಹಟ ಹಿಡಿದಿದ್ದಾರೆ, ರಂಜಾನ್ ಹಬ್ಬದ ಶೀರಕುರ್ಮಾಕ್ಕೆ ಶಾವಿಗೆ ಬೇಕಂತೆ.

ಒಂದು ವರ್ಷ ನನ್ನ ಮೇಲೆ ಮನೆ ಬಿಟ್ಟುಹೋದಿರಿ. ಇಷ್ಟು ಕಡಿಮೆಯಲ್ಲಿ ಇಷ್ಟು ನೆಮ್ಮದಿಯಾಗಿ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಬೇಗ ಬನ್ನಿ.

ನಿಮ್ಮ ಸೊಸೆ
ಶೀತಲ

•

ರಾಮದುರ್ಗ
೨೪ ಮಾರ್ಚ್ ೨೦೨೪, ರವಿವಾರ

ಶೀತಲ,

ಯುಗಾದಿಯ ಹಿಂದಿನ ದಿನ ಸಂಜೆಯ ಬಸ್ಸಿಗೆ ಬರುತ್ತೇನೆ. ಮೀನಾ ಅಳುತ್ತಿದ್ದಾಳೆ, ಬೀಗತಿಯೂ ಅಳುತ್ತಿದ್ದಾಳೆ. ನನಗೆ ಮಾತ್ರ ನಮ್ಮ ಮನೆಯ ಕಟ್ಟೆ ನೆನಪಾಗಿ ಕಾಲು ನಿಲ್ಲುತ್ತಿಲ್ಲ.

ಒಂದು ಮಾತು ಏಳು ತಿಂಗಳಿಂದ ನನ್ನ ಹೊಟ್ಟೆಯಲ್ಲೇ ಉಳಿದಿದೆ. ಅವತ್ತು ಅಧಿಕಮಾಸದ ಊಟವಾದ ಮೇಲೆ ನೀನು ಮೀನಾಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದೆ. ಐದು ಹಿಡಿ ಅಕ್ಕಿ, ಕಾಯಿ, ಖಣ, ಎಲ್ಲ ಸರಿಯಾಗಿಯೇ ಮಾಡಿದೆ. ಆಮೇಲೆ ಎಲ್ಲರೂ ಹೊರಡುವ ಗಡಿಬಿಡಿಯಲ್ಲಿದ್ದರು. ಪರಾತದಲ್ಲಿ ಉಳಿದ ಅಕ್ಕಿಯನ್ನು ನೋಡುತ್ತ ನೀನು ಸ್ವಲ್ಪ ಹೊತ್ತು ನಿಂತೆ, ಸೆರಗು ಸರಿಮಾಡಿಕೊಂಡೆ, ಒಳಗೆ ಹೋದೆ. ಮದುವೆಯಾದಾಗಿನಿಂದ ನಿನ್ನ ಉಡಿಯನ್ನು ಯಾರೂ ತುಂಬಿಲ್ಲ. ನಾನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ. ಕೈ ಮುಂದೆ ಹೋಗಿತ್ತು. ಗಂಡ ಸತ್ತವಳು ಉಡಿ ತುಂಬಬಾರದೆಂದು ಹಿಂದೆ ತೆಗೆದುಕೊಂಡೆ. ರಾಮದುರ್ಗ ಬರುವವರೆಗೆ ಆ ಕೈಯನ್ನು ಬಯ್ದುಕೊಂಡೆ, ಇವತ್ತಿಗೂ ಬಯ್ಯುತ್ತಿದ್ದೇನೆ.

ಯುಗಾದಿಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಮಣೆಯ ಮೇಲೆ ಕೂತಿರು. ಅಕ್ಕಿ, ಕಾಯಿ, ಗುಳೇದಗುಡ್ಡದ ಖಣ ನಾನೇ ತರುತ್ತೇನೆ, ಮನೆಯ ದುಡ್ಡಿನಿಂದ ಒಂದು ಪೈಸೆಯೂ ಬೇಡ. ನಿನ್ನ ಉಡಿ ನಾನೇ ತುಂಬುತ್ತೇನೆ. ವಿಧವೆ ತುಂಬಿದಳು ಎಂದು ಓಣಿಯಲ್ಲಿ ಯಾರಾದರೂ ಅಂದರೆ, ತಾಯಿ ತುಂಬಿದಳು ಎಂದು ಹೇಳು.

ಗುರುಬಸವ್ವ